ಸಹಿ ಹಾಕಿದವರೆಲ್ಲ ಆಟಕ್ಕೆ ಬರುವುದಿಲ್ಲ: ಗಿಲ್ಡ್ ಕಟ್ಟುವ ಕೆಲಸದ ಬಗ್ಗೆ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಗಿಲ್ಡ್, ಅಂದರೆ ಜೊತೆಯಾಗಿ ಆಡುವವರ ಸಂಘ, ಸ್ಥಾಪಿಸುವುದು ಕಷ್ಟದ ಕೆಲಸವೇನಲ್ಲ. ಸ್ಟಾರ್ಮ್‌ವಿಂಡ್ ಅಥವಾ ಆರ್ಗ್ರಿಮಾರ್‌ನಂಥ ದೊಡ್ಡ ಪಟ್ಟಣಕ್ಕೆ ಹೋಗಿ, ಗಿಲ್ಡ್‌ಗಳ ನೋಂದಣಿ ನೋಡಿಕೊಳ್ಳುವ ಪಾತ್ರಕ್ಕೆ 10 ಬೆಳ್ಳಿ ನಾಣ್ಯ ಕೊಟ್ಟು ಸನ್ನದೊಂದನ್ನು ಪಡೆಯಬೇಕು. ಅದಕ್ಕೆ ಬೇಕಾದ ಹೆಸರು ಕೊಟ್ಟು, ಬೇರೆ ಯಾವ ಗಿಲ್ಡ್‌ನಲ್ಲೂ ಇಲ್ಲದ ಆಟಗಾರರಿಂದ ಸಹಿ ಹಾಕಿಸಿ ಮರಳಿಸಿದರೆ ಗಿಲ್ಡ್ ಹುಟ್ಟಿತು. 2004ರ ನವೆಂಬರ್‌ನಲ್ಲಿ ಆಟ ಬಿಡುಗಡೆಯಾದಾಗ ಸ್ಥಾಪಕರನ್ನು ಬಿಟ್ಟು 9 ಜನರ ಸಹಿ ಬೇಕಿತ್ತು. ಆ ಹಳೆಯ ರೂಪವನ್ನೇ ಮತ್ತೆ ತೆರೆದಿಟ್ಟ 2019ರ ಕ್ಲಾಸಿಕ್ ಆವೃತ್ತಿಯಲ್ಲೂ ಅಷ್ಟೇ ಬೇಕಾಯಿತು. ಮುಖ್ಯ ಆವೃತ್ತಿಯಲ್ಲಿ ಈಗ 4 ಸಹಿ ಸಾಕು. ಫೈನಲ್ ಫ್ಯಾಂಟಸಿ 14 ಎಂಬ ಇನ್ನೊಂದು ಆಟದಲ್ಲಿ ಗಿಲ್ಡ್‌ಗೆ ಫ್ರೀ ಕಂಪನಿ ಎಂದು ಹೆಸರು. ಅಲ್ಲಿ ಇನ್ನೂ 3 ಜನರ ಸಹಿ ಮತ್ತು ಆ ಆಟದ ನಾಣ್ಯವಾದ ಗಿಲ್ 15,000 ಇದ್ದರೆ ಕೆಲಸ ಮುಗಿಯುತ್ತದೆ.

ಈ ಸಹಿಗಳನ್ನು ಜನ ಹೇಗೆ ಸಂಪಾದಿಸುತ್ತಾರೆ ಎನ್ನುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಪಟ್ಟಣದ ನಡುವೆ ನಿಂತು, ಸಹಿ ಹಾಕಿದವರಿಗೆ ಇಷ್ಟು ಗೋಲ್ಡ್ ಕೊಡುತ್ತೇನೆ ಎಂದು ಚಾಟ್‌ನಲ್ಲಿ ಕೂಗುತ್ತಾರೆ. ದಾರಿಹೋಕರು ಬಂದು ಸಹಿ ಹಾಕಿ, ಹಣ ಪಡೆದು, ಗಿಲ್ಡ್ ನೋಂದಣಿಯಾದ ಕ್ಷಣದಲ್ಲೇ ಹೊರಗೆ ಹೋಗುತ್ತಾರೆ. ಹೀಗೆ ಅರ್ಧ ಗಂಟೆಯೊಳಗೆ ಹೆಸರು ಸಿಗುತ್ತದೆ, ಇನ್ನೊಂದು 10 ಗೋಲ್ಡ್ ಕೊಟ್ಟರೆ ಲಾಂಛನವಿರುವ ಮೇಲಂಗಿಯೂ ಸಿಗುತ್ತದೆ. ಗಿಲ್ಡ್ ಚಾಟ್‌ನಲ್ಲಿ ಮಾತನಾಡಲು ಮಾತ್ರ ಯಾರೂ ಇರುವುದಿಲ್ಲ. ಆ ಹಂತದಿಂದ ಮುಂದೆ ಏನು ಮಾಡಬೇಕು ಎನ್ನುವುದೇ ಇವತ್ತಿನ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಗಿಲ್ಡ್ ಕಟ್ಟುವವರು ಸದಸ್ಯರನ್ನು ಹುಡುಕುವಾಗ "ಇವರು ಎಷ್ಟು ಚೆನ್ನಾಗಿ ಆಡುತ್ತಾರೆ" ಎಂದು ಕೇಳಿಕೊಳ್ಳುತ್ತಾರೆ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಇವರು ಯಾವಾಗ ಆಡಬಲ್ಲರು, ಮತ್ತು ಯಾತಕ್ಕಾಗಿ ಆಡುತ್ತಾರೆ. ಆಟದ ಕೌಶಲವನ್ನು ಕಲಿಸಬಹುದು. ಈ ಎರಡನ್ನು ಕಲಿಸಿ ಬದಲಾಯಿಸಲಾಗುವುದಿಲ್ಲ.

ಇಲ್ಲಿರುವ ಹೆಚ್ಚಿನವರು ಫೋನಿನಲ್ಲಿ ಬಿಜಿಎಂಐ ಆಡಿ ಬೆಳೆದವರು. ಅಲ್ಲಿ ನಾಲ್ವರು ಸೇರಿದರೆ ಒಂದು ಸ್ಕ್ವಾಡ್. ನಾಲ್ವರಲ್ಲಿ ಒಬ್ಬರು ಬರದಿದ್ದರೆ ಅಪರಿಚಿತರೊಬ್ಬರನ್ನು ಸೇರಿಸಿಕೊಂಡು ಅರ್ಧ ಗಂಟೆಯಲ್ಲಿ ಆಟ ಮುಗಿಸುತ್ತೀರಿ. ವಾರ್‌ಕ್ರಾಫ್ಟ್‌ನಂಥ ಆಟದಲ್ಲಿ ಗಿಲ್ಡ್‌ನ ಅಗತ್ಯ ಬರುವುದು ರೇಡ್ ಎಂಬ ದೊಡ್ಡ ಕಾಳಗಕ್ಕೆ. 2004ರಲ್ಲಿ ಮೋಲ್ಟನ್ ಕೋರ್ ಎಂಬ ಮೊದಲ ರೇಡ್‌ಗೆ 40 ಜನ ಒಟ್ಟಿಗೆ ಹೋಗುವ ಏರ್ಪಾಟಿತ್ತು. ನಲವತ್ತು ಜನ ಒಂದೇ ಸಂಜೆ, ಮೂರು ನಾಲ್ಕು ಗಂಟೆ ಕಾಲ, ಒಬ್ಬರ ಮಾತು ಕೇಳಿಕೊಂಡು ಆಡಬೇಕು. ನಲವತ್ತು ಜನ ಹಾಜರಾಗಬೇಕೆಂದರೆ ಪಟ್ಟಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಹೆಸರುಗಳಿರಬೇಕು. ಆ ಕಾಲದ ಗಿಲ್ಡ್‌ಗಳಿಗೆ ಸಣ್ಣ ಸಂಸ್ಥೆಯೊಂದರ ಆಡಳಿತದಷ್ಟು ಕೆಲಸವಿರುತ್ತಿತ್ತು ಎಂದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಆಟದ ನಿರ್ಮಾಪಕರು ಈ ಸಂಖ್ಯೆಯನ್ನು ಬದಲಿಸಿದಾಗಲೆಲ್ಲ ಗಿಲ್ಡ್‌ಗಳು ಒಡೆದಿವೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಸದಸ್ಯರ ಸಂಖ್ಯೆಗೂ ಗಿಲ್ಡ್‌ನ ಆಯುಷ್ಯಕ್ಕೂ ಇರುವ ಸಂಬಂಧ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. 2007ರ ಜನವರಿಯಲ್ಲಿ ಬರ್ನಿಂಗ್ ಕ್ರುಸೇಡ್ ಎಂಬ ವಿಸ್ತರಣೆ ಬಂತು. ಅದರೊಂದಿಗೆ ದೊಡ್ಡ ರೇಡ್‌ನ ಗಾತ್ರ 40ರಿಂದ 25ಕ್ಕೆ ಇಳಿಯಿತು. ಆದರೆ ಆ 25 ಜನರ ರೇಡ್‌ಗಳಿಗೆ ಮೊದಲು ಎಲ್ಲರೂ ಕರಝಾನ್ ಎಂಬ ಕೋಟೆಯನ್ನು ಹಾದು ಬರಬೇಕಾಗಿತ್ತು, ಅದು 10 ಜನರ ರೇಡ್. ಈಗ ಲೆಕ್ಕ ಹಾಕಿ ನೋಡಿ. ನಿಮ್ಮ ಬಳಿ ನಲವತ್ತು ಚಿಲ್ಲರೆ ಜನರಿದ್ದಾರೆ. ಕರಝಾನ್‌ಗಾಗಿ ಅವರನ್ನು ಹತ್ತು ಹತ್ತು ಜನರ ನಾಲ್ಕು ತಂಡಗಳಾಗಿ ಒಡೆಯಬೇಕು. ಒಡೆದ ತಕ್ಷಣ ಚೆನ್ನಾಗಿ ಆಡುವವರು ತಾವಾಗಿಯೇ ಒಂದು ತಂಡದಲ್ಲಿ ಸೇರಿಕೊಳ್ಳುತ್ತಾರೆ. ಅವರು ಎರಡು ವಾರದಲ್ಲಿ ಕೋಟೆ ಗೆದ್ದು ಹೊಸ ಆಯುಧ ಕವಚಗಳನ್ನು ಪಡೆಯುತ್ತಾರೆ, ಮೂರನೆಯ ಮತ್ತು ನಾಲ್ಕನೆಯ ತಂಡಗಳು ಎರಡನೆಯ ಬಾಸ್‌ನ, ಅಂದರೆ ಕೋಟೆಯೊಳಗಿನ ಎರಡನೆಯ ಮುಖ್ಯ ಶತ್ರುವಿನ, ಎದುರು ವಾರಗಟ್ಟಲೆ ಸೋಲುತ್ತವೆ. ಮತ್ತೆ ಒಂದಾಗುವ ಹೊತ್ತು ಬಂದಾಗ ಎರಡು ಹತ್ತುಗಳು ಸೇರಿದರೆ ಇಪ್ಪತ್ತು, ಮೂರು ಸೇರಿದರೆ ಮೂವತ್ತು. ಇಪ್ಪತ್ತೈದಕ್ಕೆ ಯಾವುದೂ ಹೊಂದುವುದಿಲ್ಲ. ಉಳಿದ ಹದಿನೈದು ಜನ ಏನು ಮಾಡಬೇಕು? ಎರಡು ವರ್ಷ ಜೊತೆಗೆ ಆಡಿದ ಎಷ್ಟೋ ಗಿಲ್ಡ್‌ಗಳು ಆ ವರ್ಷ ಮುರಿದುಬಿದ್ದವು. ಅವರಲ್ಲಿ ಯಾರೂ ಯಾರಿಗೂ ದ್ರೋಹ ಬಗೆದಿರಲಿಲ್ಲ. ಭಾಗಾಕಾರ ಸರಿಹೋಗಲಿಲ್ಲ, ಅಷ್ಟೇ.

2014ರ ಕೊನೆಯಲ್ಲಿ ವಾರ್‌ಲಾರ್ಡ್ಸ್ ಆಫ್ ಡ್ರೇನಾರ್ ವಿಸ್ತರಣೆ ಬಂದಾಗ ಈಗಿರುವ ವ್ಯವಸ್ಥೆ ನೆಲೆಗೊಂಡಿತು. ನಾರ್ಮಲ್ ಮತ್ತು ಹೀರೋಯಿಕ್ ಹಂತಗಳಲ್ಲಿ 10ರಿಂದ 30ರವರೆಗೆ ಎಷ್ಟು ಜನ ಬಂದರೂ ಕಾಳಗದ ಕಾಠಿಣ್ಯ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಅತ್ಯಂತ ಕಠಿಣವಾದ ಮಿಥಿಕ್ ಹಂತಕ್ಕೆ ಮಾತ್ರ ಸರಿಯಾಗಿ 20 ಜನ ಬೇಕು, ಒಬ್ಬರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊಸ ಗಿಲ್ಡ್ ಕಟ್ಟುವವರಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ, ಆದರೂ ಹಲವರು ಅದನ್ನು ಬಳಸಿಕೊಳ್ಳುವುದಿಲ್ಲ. ಮೊದಲ ದಿನವೇ "ನಮ್ಮದು ಮಿಥಿಕ್ ಗಿಲ್ಡ್" ಎಂದು ಸಾರಿ ಇಪ್ಪತ್ತು ಜನರಿಗಾಗಿ ಕಾಯುತ್ತ ಕೂರುತ್ತಾರೆ. ಹದಿಮೂರು ಜನ ಬಂದು, ಆಟವಿಲ್ಲದೆ ಬೇಸತ್ತು, ಹತ್ತಕ್ಕೆ ಇಳಿಯುತ್ತಾರೆ. ಅದೇ ಹದಿಮೂರು ಜನರೊಂದಿಗೆ ಮೊದಲ ವಾರವೇ ನಾರ್ಮಲ್ ಹಂತದ ಬಾಗಿಲು ತಟ್ಟಿದ್ದರೆ ಅವರಿಗೆ ಆಟ ಸಿಗುತ್ತಿತ್ತು, ಆಟ ನಡೆಯುತ್ತಿರುವ ಗಿಲ್ಡ್ ನೋಡಿ ಹದಿನಾಲ್ಕನೆಯವರು ಬರುತ್ತಿದ್ದರು. ಸದಸ್ಯರು ಸೇರುವುದು ನಡೆಯುತ್ತಿರುವ ಕೆಲಸಕ್ಕೆ. ಮುಂದೆ ನಡೆಯಲಿದೆ ಎಂಬ ಭರವಸೆಗೆ ಸೇರುವವರು ಕಡಿಮೆ.

ಎರಡು ಪ್ರಶ್ನೆಗಳಲ್ಲಿ "ಯಾತಕ್ಕಾಗಿ" ಎಂಬುದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ನಿಕೊಲಾಸ್ ಡ್ಯೂಶನೊ, ನಿಕ್ ಯೀ ಮತ್ತು ಅವರ ಸಂಗಡಿಗರು 2006ರಲ್ಲಿ ಈ ಆಟದ ಸರ್ವರ್‌ಗಳಿಂದ ಕಲೆಹಾಕಿದ ಮಾಹಿತಿಯನ್ನು ಪರಿಶೀಲಿಸಿ ಒಂದು ವಿಷಯವನ್ನು ತೋರಿಸಿದರು. ಸಾವಿರಾರು ಜನರೊಂದಿಗೆ ಆಡುವ ಆಟ ಎಂದು ಹೆಸರಾದ ಇದರಲ್ಲಿ, ವಿಶೇಷವಾಗಿ ಆರಂಭದ ಹಂತಗಳಲ್ಲಿ, ಆಟಗಾರರು ಬಹಳಷ್ಟು ಹೊತ್ತು ಒಬ್ಬರೇ ಆಡುತ್ತಾರೆ. ಉಳಿದವರು ಅವರಿಗೆ ಜೊತೆಗಾರರಾಗಿ ಇರುವುದಕ್ಕಿಂತ ನೋಡುಗರಾಗಿ, ಮಾತಿಗೆ ಸಿಗುವವರಾಗಿ, ಸುತ್ತಲಿನ ಗದ್ದಲವಾಗಿ ಇರುತ್ತಾರೆ. ನನಗೆ ಇದು ಗಿಲ್ಡ್ ಕಟ್ಟುವವರು ಓದಲೇಬೇಕಾದ ಸಂಗತಿ ಅನಿಸುತ್ತದೆ. ನಿಮ್ಮ ಗಿಲ್ಡ್‌ಗೆ ಬರುವವರಲ್ಲಿ ದೊಡ್ಡ ಪಾಲು ಜನ ರೇಡ್‌ಗಾಗಿ ಬರುವುದಿಲ್ಲ. ಮೀನು ಹಿಡಿಯುತ್ತ, ಗಿಡಮೂಲಿಕೆ ಕೀಳುತ್ತ, ಒಂಟಿಯಾಗಿ ಆಡುವಾಗ ಪಕ್ಕದಲ್ಲಿ ಹಸಿರು ಅಕ್ಷರದ ಗಿಲ್ಡ್ ಚಾಟ್ ಹರಿಯುತ್ತಿರಲಿ ಎಂದು ಬರುತ್ತಾರೆ. ಅದು ತಪ್ಪಲ್ಲ. ಅಂಥವರಿಲ್ಲದ ಗಿಲ್ಡ್, ರೇಡ್ ಇಲ್ಲದ ದಿನಗಳಲ್ಲಿ ಬಿಕೋ ಎನ್ನುತ್ತದೆ. ಆದರೆ ಅವರನ್ನು ರೇಡ್ ಪಟ್ಟಿಯ ಲೆಕ್ಕಕ್ಕೆ ಹಿಡಿದರೆ ಗುರುವಾರ ರಾತ್ರಿ ನಿಮಗೆ ಆರು ಜನ ಕಡಿಮೆ ಬೀಳುತ್ತಾರೆ. ಹಾಗಾಗಿ ಆಟ ಕೊಡುವ ದರ್ಜೆಗಳನ್ನು ಇದಕ್ಕೆ ಬಳಸಿ. ಗಿಲ್ಡ್ ಮಾಸ್ಟರ್, ಆಫೀಸರ್, ವೆಟರನ್, ಮೆಂಬರ್, ಇನಿಶಿಯೇಟ್ ಎಂಬ ಐದು ದರ್ಜೆಗಳು ಮೊದಲಿನಿಂದಲೇ ಇರುತ್ತವೆ, 10ರವರೆಗೂ ಹೆಚ್ಚಿಸಬಹುದು, ಹೆಸರುಗಳನ್ನೂ ಬದಲಿಸಬಹುದು. ರೇಡ್ ಆಡುವವರಿಗೆ ಒಂದು, ಬರಿಯ ಒಡನಾಟಕ್ಕೆ ಬಂದವರಿಗೆ ಒಂದು ಎಂದು ಮಾಡಿ, ಎರಡನೆಯದು ಕೆಳದರ್ಜೆಯೆಂಬ ಭಾವನೆ ಬರದಂತೆ ಹೆಸರಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇನ್ನು "ಯಾವಾಗ" ಎಂಬ ಪ್ರಶ್ನೆ. ನಮ್ಮ ಮಟ್ಟಿಗೆ ಇದೇ ಹೆಚ್ಚು ತೊಡಕಿನದು, ಏಕೆಂದರೆ ಈ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ. ಇಲ್ಲಿಂದ ಆಡುವವರು ಯುರೋಪಿನ ಸರ್ವರ್‌ಗಳನ್ನು ಆರಿಸಿಕೊಳ್ಳಬೇಕು, ಇಲ್ಲವೇ 2014ರಿಂದ ಸಿಡ್ನಿಯಲ್ಲಿ ನೆಲೆಗೊಂಡಿರುವ ಓಷಿಯಾನಿಕ್ ಸರ್ವರ್‌ಗಳನ್ನು. ಯುರೋಪಿನ ಗಿಲ್ಡ್ ಒಂದು ತನ್ನ ಜಾಹೀರಾತಿನಲ್ಲಿ "ರಾತ್ರಿ 8ರಿಂದ 11" ಎಂದು ಬರೆದಿದ್ದರೆ, ಚಳಿಗಾಲದಲ್ಲಿ ಅದು ನಮ್ಮ ರಾತ್ರಿ 12:30ರಿಂದ ಬೆಳಗಿನ ಜಾವ 3:30. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ನಮ್ಮ ಪಾಲಿಗೆ 11:30ರಿಂದ 2:30. ಬೆಳಿಗ್ಗೆ ಒಂಬತ್ತಕ್ಕೆ ಕಂಪನಿಯ ಬಸ್ ಹಿಡಿಯಬೇಕಾದವರು ಇದನ್ನು ಎರಡು ವಾರ ಉತ್ಸಾಹದಿಂದ ಮಾಡುತ್ತಾರೆ, ಮೂರನೆಯ ವಾರ ಹೇಳದೆ ಕೇಳದೆ ಕಾಣೆಯಾಗುತ್ತಾರೆ. ಸಿಡ್ನಿಯ ರಾತ್ರಿ 8 ಗಂಟೆಯೆಂದರೆ ಅವರ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ 3:30, ಅವರ ಬೇಸಿಗೆಯಲ್ಲಿ 2:30. ಅದು ಕೆಲಸದ ದಿನಗಳಲ್ಲಿ ಆಗುವ ಮಾತಲ್ಲ. ಆದರೆ ಆಸ್ಟ್ರೇಲಿಯಾದ ಪಶ್ಚಿಮ ತೀರದ ಪರ್ತ್ ನಗರ ಮತ್ತು ಸಿಂಗಾಪುರ ಒಂದೇ ವೇಳೆಯಲ್ಲಿವೆ. ಅವೆರಡೂ ಗಡಿಯಾರ ತಿರುಗಿಸುವುದಿಲ್ಲ. ಅಲ್ಲಿನವರ ರಾತ್ರಿ 9 ನಮ್ಮ ಸಂಜೆ 6:30. ಓಷಿಯಾನಿಕ್ ಸರ್ವರ್‌ನಲ್ಲಿ ತಡರಾತ್ರಿ ಆಡುವ ಪರ್ತ್ ಮತ್ತು ಸಿಂಗಾಪುರದವರ ಗಿಲ್ಡ್‌ಗಳು ನಮ್ಮವರಿಗೆ ಹೊಂದುವಷ್ಟು ಬೇರೆ ಯಾವುದೂ ಹೊಂದುವುದಿಲ್ಲ ಎಂದು ಹಲವರಿಗೆ ಹೇಳಿದ್ದೇನೆ, ಕೇಳಿದವರು ಉಳಿದುಕೊಂಡಿದ್ದಾರೆ.

ಕನ್ನಡದವರೇ ಸೇರಿ ಒಂದು ಗಿಲ್ಡ್ ಕಟ್ಟಬಹುದೇ ಎಂದು ಈ ಸಭೆಗೆ ಮುಂಚೆ ಒಬ್ಬರು ಕೇಳಿದರು. ಕಟ್ಟಬಹುದು. ಆದರೆ ಅಲ್ಲೂ ಗಡಿಯಾರವೇ ಮೊದಲು. ಶನಿವಾರ ರಾತ್ರಿ 9:30ಕ್ಕೆ ಬೆಂಗಳೂರಿನಲ್ಲಿ ಕೂತರೆ ದುಬೈಯವರಿಗೆ ರಾತ್ರಿ 8 ಗಂಟೆ, ಲಂಡನ್ನಿನವರಿಗೆ ಸಂಜೆ 4 ಅಥವಾ 5, ಸ್ಯಾನ್ ಫ್ರಾನ್ಸಿಸ್ಕೊ ಕಡೆಯವರಿಗೆ ಬೆಳಿಗ್ಗೆ 8 ಅಥವಾ 9. ಸಿಂಗಾಪುರದವರಿಗೆ ಮಾತ್ರ ನಡುರಾತ್ರಿ. ಅಂದರೆ ವಾರಕ್ಕೊಂದು ದಿನ, ಶನಿವಾರ, ಹೀರೋಯಿಕ್ ಹಂತದವರೆಗೆ ಆಡುವ ಗಿಲ್ಡ್ ಸಾಧ್ಯ. ವಾರಕ್ಕೆ ಮೂರು ದಿನದ ಮಿಥಿಕ್ ಗಿಲ್ಡ್ ಸಾಧ್ಯವಿಲ್ಲ. ಸರ್ವರ್ ಪ್ರದೇಶ ಯಾವುದೆಂಬುದನ್ನೂ ಮೊದಲೇ ನಿರ್ಧರಿಸಬೇಕು, ಏಕೆಂದರೆ ಅಮೆರಿಕದ ಖಾತೆಯಲ್ಲಿ ಬೆಳೆಸಿದ ಪಾತ್ರ ಯುರೋಪಿನ ಸರ್ವರ್‌ಗೆ ಬರಲಾರದು. ಒಂದೇ ಪ್ರದೇಶದೊಳಗಾದರೆ ತೊಡಕು ಕಡಿಮೆಯಾಗಿದೆ: 2023ರಿಂದ ಅಲಯನ್ಸ್ ಮತ್ತು ಹೋರ್ಡ್ ಎಂಬ ಎರಡು ಪಕ್ಷಗಳವರೂ ಒಂದೇ ಗಿಲ್ಡ್‌ನಲ್ಲಿರಬಹುದು, 2024ರ ವಾರ್ ವಿದಿನ್ ವಿಸ್ತರಣೆಯಿಂದ ಬೇರೆ ಬೇರೆ ಸರ್ವರ್‌ನವರೂ ಇರಬಹುದು. ಮೊದಲಾಗಿದ್ದರೆ ಗೆಳೆಯರ ಗಿಲ್ಡ್ ಸೇರುವುದಕ್ಕಾಗಿ ಹಣ ತೆತ್ತು ಪಾತ್ರವನ್ನು ವರ್ಗಾಯಿಸಿಕೊಳ್ಳಬೇಕಿತ್ತು. ಗಿಲ್ಡ್‌ನ ಹೆಸರನ್ನು ಕನ್ನಡ ಲಿಪಿಯಲ್ಲಿ ಇಡಲು ಈ ಸರ್ವರ್‌ಗಳು ಬಿಡುವುದಿಲ್ಲ. ರೋಮನ್ ಅಕ್ಷರಗಳಲ್ಲೇ, 24 ಅಕ್ಷರಗಳೊಳಗೆ ಮುಗಿಸಬೇಕು. ದೀರ್ಘವೂ ಮಹಾಪ್ರಾಣವೂ ತುಂಬಿದ ಹೆಸರಿಟ್ಟರೆ ಹೊರಗಿನವರು ಅದನ್ನು ಓದುವ ರೀತಿ ಕೇಳಿ ನೀವೇ ನಗುತ್ತೀರಿ.

ವೇಳೆ ಮತ್ತು ಉದ್ದೇಶ ಗೊತ್ತಾದ ಮೇಲೆ ಎಂಥವರು ಎಷ್ಟು ಜನ ಬೇಕು ಎಂಬ ಲೆಕ್ಕ. ಈ ಆಟಗಳಲ್ಲಿ ಮೂರು ಬಗೆಯ ಹೊಣೆಗಳಿವೆ ಎಂಬುದನ್ನು ಹೊಸಬರಿಗಾಗಿ ಹೇಳುತ್ತೇನೆ. ಶತ್ರುವಿನ ಏಟನ್ನು ತಮ್ಮ ಮೇಲೆ ಎಳೆದುಕೊಂಡು ನಿಲ್ಲುವವರು ಟ್ಯಾಂಕ್, ಉಳಿದವರ ಗಾಯ ಮಾಯಿಸುವವರು ಹೀಲರ್, ಹೊಡೆಯುವವರು ಡಿಪಿಎಸ್. ಮಿಥಿಕ್ ಹಂತದ ಇಪ್ಪತ್ತರಲ್ಲಿ ಸಾಮಾನ್ಯವಾಗಿ ಇಬ್ಬರು ಟ್ಯಾಂಕ್, ನಾಲ್ವರು ಅಥವಾ ಐವರು ಹೀಲರ್, ಉಳಿದ ಹದಿಮೂರು ಹದಿನಾಲ್ಕು ಜನ ಡಿಪಿಎಸ್. ಹವ್ಯಾಸಿ ನಾಟಕ ತಂಡ ಕಟ್ಟಿದವರು ಯಾರಾದರೂ ಇಲ್ಲಿದ್ದರೆ ಮುಂದಿನ ಕಥೆ ಅವರಿಗೆ ಗೊತ್ತಿರುತ್ತದೆ: ರಾಜನ ಪಾತ್ರಕ್ಕೆ ಹನ್ನೆರಡು ಜನ ಬರುತ್ತಾರೆ, ಪರದೆ ಎಳೆಯಲು ಯಾರೂ ಬರುವುದಿಲ್ಲ. ಜಾಹೀರಾತು ಹಾಕಿದ ಮರುದಿನ ನಿಮ್ಮನ್ನು ಸಂಪರ್ಕಿಸುವವರಲ್ಲಿ ಬಹುಪಾಲು ಡಿಪಿಎಸ್ ಆಡುವವರೇ ಆಗಿರುತ್ತಾರೆ. ಹೀಲರ್ ಸಿಗುವುದು ಕಷ್ಟ, ಸಿಕ್ಕವರು ಉಳಿಯುವುದು ಇನ್ನೂ ಕಷ್ಟ, ಏಕೆಂದರೆ ತಂಡ ಸತ್ತಾಗಲೆಲ್ಲ ಎಲ್ಲರೂ ತಿರುಗಿ ನೋಡುವುದು ಅವರನ್ನೇ. ಟ್ಯಾಂಕ್‌ಗಳ ತೊಂದರೆ ಬೇರೆ ರೀತಿಯದು. ಬೇಕಾಗಿರುವುದು ಇಬ್ಬರೇ ಆದ್ದರಿಂದ ಮೂರನೆಯವರನ್ನು ಕಾಯಿಸಿ ಕೂರಿಸಲಾಗದು. ಇಬ್ಬರಲ್ಲಿ ಒಬ್ಬರು ಬಾರದಿದ್ದರೆ ಆ ರಾತ್ರಿಯ ಆಟವೇ ಇಲ್ಲ. ಅದಕ್ಕೇ ಅನುಭವಿ ಗಿಲ್ಡ್ ಮಾಸ್ಟರ್‌ಗಳಲ್ಲಿ ಅನೇಕರು ತಾವೇ ಟ್ಯಾಂಕ್ ಆಗಿರುತ್ತಾರೆ, ಅಥವಾ ಅಗತ್ಯಬಿದ್ದರೆ ಟ್ಯಾಂಕ್ ಆಗಬಲ್ಲ ಡಿಪಿಎಸ್ ಆಟಗಾರರೊಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಂಡಿರುತ್ತಾರೆ.

ಇಪ್ಪತ್ತು ಜನರ ರೇಡ್‌ಗೆ ಇಪ್ಪತ್ತನಾಲ್ಕು ಅಥವಾ ಇಪ್ಪತ್ತೈದು ಜನರ ಪಟ್ಟಿ ಇರಬೇಕು. ಮದುವೆ, ಜ್ವರ, ಕಚೇರಿಯ ತುರ್ತು, ವಿದ್ಯುತ್ ಕಡಿತ ಇವೆಲ್ಲ ಇದ್ದೇ ಇರುತ್ತವೆ. ಆದರೆ ಇಪ್ಪತ್ತೈದು ಜನರೂ ಒಂದೇ ರಾತ್ರಿ ಹಾಜರಾದರೆ ಐವರು ಹೊರಗೆ ಕೂರಬೇಕು. ಈ ಕೂರುವಿಕೆಯನ್ನು ಯಾರಿಗೆ, ಯಾವ ಕ್ರಮದಲ್ಲಿ ಹಂಚುತ್ತೀರಿ ಎಂಬುದನ್ನು ಸೇರಿಸಿಕೊಳ್ಳುವಾಗಲೇ ಹೇಳಬೇಕು. ನಾಲ್ಕು ವಾರ ಸತತವಾಗಿ ಹೊರಗೆ ಕೂತ ಆಟಗಾರರು ಐದನೆಯ ವಾರ ಬೇರೆ ಗಿಲ್ಡ್‌ನ ಜಾಹೀರಾತು ಓದುತ್ತಿರುತ್ತಾರೆ, ಅದನ್ನು ತಪ್ಪೆನ್ನಲಾಗದು.

ಜನರನ್ನು ಹುಡುಕುವುದೆಲ್ಲಿ? ಪಟ್ಟಣಗಳ ಟ್ರೇಡ್ ಚಾಟ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಒಂದೇ ಸಾಲನ್ನು ಕೂಗುವುದು ಹಳೆಯ ಪದ್ಧತಿ. ಅದಕ್ಕಿಂತಲೂ ಕೆಟ್ಟ ಪದ್ಧತಿಯೊಂದು ಕೆಲವು ವರ್ಷ ಮೆರೆಯಿತು, ಅದರ ಹಿನ್ನೆಲೆ ಸ್ವಾರಸ್ಯವಾಗಿದೆ. 2010ರ ಡಿಸೆಂಬರ್‌ನ ಕ್ಯಾಟಕ್ಲಿಸಮ್ ವಿಸ್ತರಣೆಯಲ್ಲಿ ಗಿಲ್ಡ್‌ಗಳಿಗೂ 25 ಮಟ್ಟಗಳನ್ನು ಕೊಟ್ಟರು. ಸದಸ್ಯರು ಆಡಿದಷ್ಟೂ ಗಿಲ್ಡ್ ಬೆಳೆಯುತ್ತಿತ್ತು, ಬೆಳೆದಷ್ಟೂ ಸವಲತ್ತುಗಳು ಸಿಗುತ್ತಿದ್ದವು. ಅವುಗಳಲ್ಲೊಂದು, ಸದಸ್ಯರು ಕೊಂದ ಪ್ರಾಣಿಗಳಿಂದ ಹಣ ಎತ್ತಿಕೊಂಡಾಗಲೆಲ್ಲ ಹೆಚ್ಚುವರಿಯಾಗಿ ಒಂದು ಪಾಲು ಗಿಲ್ಡ್‌ನ ಬ್ಯಾಂಕಿಗೆ ಬೀಳುವ ಸೌಲಭ್ಯ. ಉದ್ದೇಶ ಒಳ್ಳೆಯದೇ ಇತ್ತು. ಪರಿಣಾಮವೇನಾಯಿತೆಂದರೆ, ಗಿಲ್ಡ್ ಇಲ್ಲದ ಯಾರೇ ಕಂಡರೂ ಒಂದು ಮಾತೂ ಆಡದೆ ಆಹ್ವಾನ ಕಳಿಸುವ ಆಡ್‌ಆನ್‌ಗಳು, ಅಂದರೆ ಆಟಕ್ಕೆ ಹೊರಗಿನಿಂದ ಜೋಡಿಸುವ ಸಣ್ಣ ತಂತ್ರಾಂಶಗಳು, ಬಂದವು, ನೂರಾರು ಅಪರಿಚಿತರನ್ನು ತುಂಬಿಕೊಂಡ ಗಿಲ್ಡ್‌ಗಳು ಎದ್ದವು. ಅಲ್ಲಿ ಸದಸ್ಯರು ದುಡಿಯುತ್ತಿದ್ದರು, ಬ್ಯಾಂಕ್ ತುಂಬುತ್ತಿತ್ತು, "ನಮಸ್ಕಾರ" ಎಂದರೆ ಮಾತ್ರ ಯಾರೂ ಮರುನುಡಿಯುತ್ತಿರಲಿಲ್ಲ. ಇದೇ ಅವಧಿಯಲ್ಲಿ ಚಿಕ್ಕ ಗಿಲ್ಡ್‌ಗಳು ಹೊಸಬರನ್ನು ಆಕರ್ಷಿಸಲಾಗದೆ ಸೊರಗಿದವು, ಏಕೆಂದರೆ ಮೊದಲ ಮಟ್ಟದ ಗಿಲ್ಡ್ ಸೇರುವವರು ಸವಲತ್ತುಗಳನ್ನು ಕೈಬಿಟ್ಟೇ ಬರಬೇಕಿತ್ತು. 2014ರಲ್ಲಿ ಆ ಮಟ್ಟಗಳನ್ನು ತೆಗೆದುಹಾಕಲಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಹೊಸ ಗಿಲ್ಡ್‌ಗಳಿಗೆ ನಿರ್ಮಾಪಕರು ಮಾಡಿದ ದೊಡ್ಡ ಉಪಕಾರ ಅದು.

ಫಲ ಕೊಡುವ ದಾರಿ ನಿಧಾನದ್ದು. ಡಂಜನ್ ಎಂಬ ಐದು ಜನರ ಚಿಕ್ಕ ಕಾಳಗಗಳಿಗೆ ಅಪರಿಚಿತರೊಂದಿಗೆ ಹೋಗಿ. ಆಟ ಕೆಟ್ಟಾಗ ಕೂಗಾಡದೆ ಮತ್ತೆ ಎದ್ದು ನಿಂತವರು ಯಾರು, ಹೊಸಬರಿಗೆ ಒಂದು ಸಾಲಿನಲ್ಲಿ ವಿವರಿಸಿದವರು ಯಾರು ಎಂದು ಗಮನಿಸಿ. ಮುಗಿದ ಮೇಲೆ ಅವರೊಂದಿಗೆ ಎರಡು ಮಾತಾಡಿ. ತಕ್ಷಣ ಗಿಲ್ಡ್‌ಗೆ ಕರೆಯಬೇಡಿ. "ನಾಳೆ ಇದೇ ಹೊತ್ತಿಗೆ ನಾವು ಮೂವರು ಮತ್ತೆ ಹೋಗುತ್ತೇವೆ, ಬರುತ್ತೀರಾ" ಎಂದಷ್ಟೇ ಕೇಳಿ. ಬಂದರೆ "ಯಾವಾಗ" ಎಂಬ ನಿಮ್ಮ ಪ್ರಶ್ನೆಗೆ ಅವರು ಬಾಯಿಬಿಡದೆಯೇ ಉತ್ತರ ಕೊಟ್ಟಂತಾಯಿತು.

ಜಾಹೀರಾತೂ ಬೇಕು, ಆಟದೊಳಗಿನ ಗಿಲ್ಡ್ ಹುಡುಕುವ ಪುಟದಲ್ಲೂ ಡಿಸ್ಕಾರ್ಡ್‌ನಲ್ಲೂ ಅದಕ್ಕೆ ಜಾಗವಿದೆ. "ಸ್ನೇಹಮಯ, ಪ್ರಬುದ್ಧ, ಸಕ್ರಿಯ ಗಿಲ್ಡ್, ಎಲ್ಲ ಬಗೆಯ ಆಟಗಾರರಿಗೂ ಸ್ವಾಗತ" ಎಂಬ ಸಾಲನ್ನು ನೀವು ನೂರು ಸಲ ಓದಿರುತ್ತೀರಿ. ಅದು ಯಾರನ್ನೂ ಕರೆಯುವುದಿಲ್ಲ, ಏಕೆಂದರೆ ಯಾರನ್ನೂ ಹೊರಗಿಡುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: "ಬುಧವಾರ ಮತ್ತು ಶನಿವಾರ, ಭಾರತದ ಸಮಯ ಸಂಜೆ 6:30ರಿಂದ 9. ಈಗ ಹದಿನಾಲ್ಕು ಜನ ಇದ್ದೇವೆ. ನಾರ್ಮಲ್ ಹಂತ ಮುಗಿದಿದೆ, ಹೀರೋಯಿಕ್‌ನಲ್ಲಿ ಮೂರನೆಯ ಬಾಸ್ ಬಳಿ ನಿಂತಿದ್ದೇವೆ. ಒಬ್ಬ ಹೀಲರ್ ಬೇಕು. ಮಿಥಿಕ್ ಆಡುವ ಯೋಚನೆ ಈ ವರ್ಷ ಇಲ್ಲ. ಒಂಬತ್ತಕ್ಕೆ ಖಂಡಿತ ನಿಲ್ಲಿಸುತ್ತೇವೆ." ಇದನ್ನು ಓದಿ ಬರುವವರು ಕಡಿಮೆ. ಬಂದವರು ಬೇಕಾದವರೇ ಆಗಿರುತ್ತಾರೆ. ಕೊನೆಯ ವಾಕ್ಯವನ್ನು ಲಘುವಾಗಿ ಕಾಣಬೇಡಿ. ಮನೆಯಲ್ಲಿ ಮಕ್ಕಳಿರುವವರು ಆ ಒಂದು ವಾಕ್ಯಕ್ಕಾಗಿಯೇ ಬರುತ್ತಾರೆ, ಮತ್ತು ಒಮ್ಮೆ 9:40 ಆಯಿತೆಂದರೆ ಆ ಕಾರಣಕ್ಕಾಗಿಯೇ ಹೋಗುತ್ತಾರೆ.

ಬಂದವರೊಂದಿಗೆ ಮಾತನಾಡುವಾಗ ಪರೀಕ್ಷಕರ ಧಾಟಿ ಬೇಡ. ವಾರ್‌ಕ್ರಾಫ್ಟ್ ಲಾಗ್ಸ್ ಎಂಬ ತಾಣದಲ್ಲಿ ಆಟಗಾರರ ಹಿಂದಿನ ಕಾಳಗಗಳ ಅಂಕಿ ಅಂಶ ಸಿಗುತ್ತದೆ, ಆದ್ದರಿಂದ ಅವರ ಕೌಶಲದ ಬಗ್ಗೆ ಅವರನ್ನೇ ಕೇಳುವ ಅಗತ್ಯ ಬಹಳವಿಲ್ಲ. ನೋಡುವಾಗಲೂ ಎಷ್ಟು ಹೊಡೆದರು ಎಂಬುದಕ್ಕಿಂತ ಎಷ್ಟು ಸಲ, ಯಾವುದರಿಂದ ಸತ್ತರು ಎಂಬುದನ್ನು ನೋಡಿ. ನೆಲದ ಮೇಲಿನ ಬೆಂಕಿಯಿಂದ ಪ್ರತಿ ಸಲವೂ ಸಾಯುವವರ ಹೊಡೆತದ ಅಂಕಿ ಎಷ್ಟಿದ್ದರೇನು? ಅವರನ್ನೇ ಕೇಳಬೇಕಾದದ್ದು: ಹಿಂದಿನ ಗಿಲ್ಡ್ ಬಿಟ್ಟದ್ದೇಕೆ, ಕಚೇರಿಯ ಪಾಳಿ ಬದಲಾಗುತ್ತದೆಯೇ, ಒಂದೇ ಬಾಸ್ ಎದುರು ಮೂರು ವಾರ ಸೋತರೆ ಏನನಿಸುತ್ತದೆ. ಹಿಂದಿನ ಗಿಲ್ಡ್‌ನವರೆಲ್ಲ ಮೂರ್ಖರಾಗಿದ್ದರು ಎಂದು ಹೇಳುವವರು ನಿಮ್ಮ ಬಗ್ಗೆಯೂ ಮುಂದೆ ಅದನ್ನೇ ಹೇಳುತ್ತಾರೆ. ಆಮೇಲೆ ಎರಡು ಮೂರು ವಾರಗಳ ಪ್ರಾಯೋಗಿಕ ಅವಧಿ ಇರಲಿ, ಅದು ಮುಗಿಯುವ ದಿನವನ್ನು ಮೊದಲೇ ಹೇಳಿ, ಆ ದಿನ ತಪ್ಪದೆ ಉತ್ತರ ಕೊಡಿ. ಬೇಡವೆಂದಾದರೆ ಒಂದು ಸಾಲಿನ ಕಾರಣದೊಂದಿಗೆ ಬೇಡವೆನ್ನಿ. ಉತ್ತರ ಕೊಡದೆ ತೇಲಿಸುವುದು ನಮ್ಮವರಲ್ಲಿ ಸಂಕೋಚದಿಂದ ಬಂದಿರಬಹುದು. ಎದುರಿನವರಿಗೆ ಅದು ಅಗೌರವವಾಗಿ ಕಾಣುತ್ತದೆ.

ಇಲ್ಲಿ ಸ್ವಲ್ಪ ಬದಿಗೆ ಸರಿದು ಬೇರೊಂದು ಆಟದ ಕಥೆ ಹೇಳಬೇಕು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಹೊರತಂದ ಈವ್ ಆನ್‌ಲೈನ್ ಆಟದಲ್ಲಿ ಗಿಲ್ಡ್‌ಗಳನ್ನು ಕಾರ್ಪೊರೇಶನ್ ಎನ್ನುತ್ತಾರೆ, ಅವುಗಳ ಒಕ್ಕೂಟವನ್ನು ಅಲಯನ್ಸ್ ಎನ್ನುತ್ತಾರೆ. ಅಲ್ಲಿ ಗೂನ್‌ಸ್ವಾರ್ಮ್ ಎಂಬ ಗುಂಪು ಬೆಳೆದದ್ದು ಕೌಶಲ ನೋಡಿ ಆರಿಸಿದವರಿಂದ ಅಲ್ಲ. ಸಮ್‌ಥಿಂಗ್ ಆಫುಲ್ ಎಂಬ ಹಾಸ್ಯದ ತಾಣದಲ್ಲಿ ಮೊದಲೇ ಒಬ್ಬರಿಗೊಬ್ಬರು ಪರಿಚಿತರಾಗಿದ್ದವರಿಂದ. ಹೊಸಬರಿಗೆ ಅಗ್ಗದ ಸಣ್ಣ ಹಡಗುಗಳನ್ನು ಕೊಟ್ಟು ಗುಂಪುಗುಂಪಾಗಿ ಕಾಳಗಕ್ಕೆ ಇಳಿಸುತ್ತಿದ್ದರು. ಅವರ ಎದುರಾಳಿ ಬ್ಯಾಂಡ್ ಆಫ್ ಬ್ರದರ್ಸ್ ಆಗ ಆಟದ ಅತ್ಯಂತ ಬಲಿಷ್ಠ ಅಲಯನ್ಸ್‌ಗಳಲ್ಲೊಂದು. 2009ರ ಫೆಬ್ರವರಿಯಲ್ಲಿ ಆ ಬಲಿಷ್ಠ ಅಲಯನ್ಸ್ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು, ಅದೂ ಯುದ್ಧದಲ್ಲಿ ಸೋತಲ್ಲ. ಅದರ ನಿರ್ದೇಶಕರಲ್ಲಿ ಒಬ್ಬರು ಎದುರು ಪಕ್ಷಕ್ಕೆ ಸೇರಿ, ತಮಗಿದ್ದ ಅಧಿಕಾರ ಬಳಸಿ ಅಲಯನ್ಸ್ ಅನ್ನೇ ವಿಸರ್ಜಿಸಿಬಿಟ್ಟರು. ಆಟದ ನಿಯಮಗಳಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ವಾರ್‌ಕ್ರಾಫ್ಟ್‌ನಲ್ಲಿ ಅಷ್ಟು ದೊಡ್ಡ ಅನಾಹುತ ಆಗಲಾರದಾದರೂ ಬ್ಯಾಂಕ್ ಬರಿದಾಗುವುದು ನಡೆಯುತ್ತಲೇ ಇರುತ್ತದೆ. ಗಿಲ್ಡ್ ಬ್ಯಾಂಕ್ 2007ರ ನವೆಂಬರ್‌ನಲ್ಲಿ ಬಂತು, ಮೊದಲ ಖಾನೆಗೆ 100 ಗೋಲ್ಡ್. ಯಾವ ದರ್ಜೆಯವರು ಯಾವ ಖಾನೆಯಿಂದ ದಿನಕ್ಕೆ ಎಷ್ಟು ವಸ್ತು ತೆಗೆಯಬಹುದು ಎಂಬುದನ್ನು ನಿಗದಿಪಡಿಸಲು ಆಟವೇ ಅವಕಾಶ ಕೊಡುತ್ತದೆ, ತೆಗೆದವರ ದಾಖಲೆಯನ್ನೂ ಇಡುತ್ತದೆ. ಹೊಸಬರಿಗೆ ಮೊದಲ ವಾರ ನೋಡುವ ಅಧಿಕಾರ ಮಾತ್ರ ಕೊಡಿ. ಇದನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸಿದರೆ ಯಾರಿಗೂ ಅವಮಾನವೆನಿಸದು; ನಿಮ್ಮ ಗೆಳೆಯರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಎಲ್ಲರಿಗೂ ಅನಿಸುತ್ತದೆ.

ಲೂಟ್ ಹಂಚಿಕೆಯ ವಿಷಯವನ್ನೂ ಸೇರಿಸಿಕೊಳ್ಳುವ ಮೊದಲೇ ಹೇಳಬೇಕು. ಬಾಸ್ ಸತ್ತಾಗ ಸಿಗುವ ವಸ್ತುಗಳು ಕೆಲವೇ, ಕಣ್ಣಿಟ್ಟವರು ಹಲವರು. ಈ ಕಲಹ ಎಷ್ಟು ಹಳೆಯದೆಂದರೆ, 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಆಟದಲ್ಲೇ ಆಫ್ಟರ್‌ಲೈಫ್ ಎಂಬ ಗಿಲ್ಡ್ ಡಿಕೆಪಿ ಎಂಬ ಪದ್ಧತಿ ಹುಟ್ಟುಹಾಕಿತು: ಡ್ರ್ಯಾಗನ್ ಕೊಲ್ಲಲು ಬಂದವರಿಗೆಲ್ಲ ಅಂಕ, ಆ ಅಂಕಗಳನ್ನು ಖರ್ಚು ಮಾಡಿ ವಸ್ತು ಪಡೆಯುವ ಹಕ್ಕು. ಇನ್ನೊಂದು ಪದ್ಧತಿ ಲೂಟ್ ಕೌನ್ಸಿಲ್, ಅಂದರೆ ಆಫೀಸರ್‌ಗಳು ಕೂತು ಯಾರಿಗೆ ಕೊಟ್ಟರೆ ತಂಡಕ್ಕೆ ಲಾಭ ಎಂದು ತೀರ್ಮಾನಿಸುವುದು. ಎರಡನೆಯದು ತಂಡಕ್ಕೆ ಹೆಚ್ಚು ಉಪಯುಕ್ತ; ಆದರೆ ಅದಕ್ಕೆ ಬೇಕಾದ ನಂಬಿಕೆ ಹೊಸ ಗಿಲ್ಡ್‌ನಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಸ್ಥಾಪಕರ ಇಬ್ಬರು ಆಪ್ತರೇ ಕೌನ್ಸಿಲ್‌ನಲ್ಲಿ ಕೂತು, ಮೊದಲ ಒಳ್ಳೆಯ ಖಡ್ಗ ಅವರಲ್ಲೊಬ್ಬರ ಸೊಂಟಕ್ಕೆ ಹೋದರೆ, ತೀರ್ಮಾನ ನ್ಯಾಯವಾಗಿದ್ದರೂ ಮರುದಿನ ನಾಲ್ವರು ಹೋಗಿರುತ್ತಾರೆ. ಆದ್ದರಿಂದ ಹೊಸಬರಿಗೆ ನನ್ನ ಸಲಹೆ, ಮೊದಲ ಕೆಲವು ತಿಂಗಳು ದಾಳ ಉರುಳಿಸಿ ಹಂಚಿ. ದಾಳದ ಮೇಲೆ ಯಾರೂ ಪಕ್ಷಪಾತದ ಆರೋಪ ಹೊರಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಜನ ಹೋಗುತ್ತಾರೆ. ರೇಡ್‌ನ ಕೊನೆಯ ಬಾಸ್ ಸತ್ತ ಮೇಲೆ ಹೊಸ ರೇಡ್ ಬರುವವರೆಗೆ ಹಾಜರಿ ಇಳಿಯುತ್ತದೆ, ನಮ್ಮಲ್ಲಿ ಪರೀಕ್ಷೆಯ ಹೊತ್ತಿಗೂ ಮದುವೆಯ ಕಾಲಕ್ಕೂ ಇಳಿಯುತ್ತದೆ. ಸ್ಥಳ ಖಾಲಿಯಾದ ಮೇಲೆ ಹುಡುಕಲು ತೊಡಗಿದರೆ ತಡವಾಯಿತೆಂದೇ ಅರ್ಥ. ಪಟ್ಟಿ ತುಂಬಿರುವಾಗಲೂ ತಿಂಗಳಿಗೊಬ್ಬ ಹೊಸಬರೊಂದಿಗಾದರೂ ಮಾತುಕತೆ ನಡೆಯುತ್ತಿರಬೇಕು. ಈ ಕೆಲಸವನ್ನು ಗಿಲ್ಡ್ ಮಾಸ್ಟರ್ ಒಬ್ಬರೇ ಹೊತ್ತರೆ ಆರು ತಿಂಗಳಲ್ಲಿ ಅವರಿಗೆ ಆಟದ ಮೇಲೇ ಜಿಗುಪ್ಸೆ ಬರುತ್ತದೆ. ರೇಡ್ ನಡೆಸುವವರು ಒಬ್ಬರು, ಹೊಸಬರನ್ನು ನೋಡಿಕೊಳ್ಳುವವರು ಇನ್ನೊಬ್ಬರು ಎಂದು ಹಂಚಿಬಿಡಿ. ಚೆನ್ನಾಗಿ ಆಡುವವರನ್ನೇ ಆಫೀಸರ್ ಮಾಡುವ ರೂಢಿಯಿದೆ, ಅದಕ್ಕೆ ಕಾರಣ ನನಗೆ ಇಂದಿಗೂ ಅರ್ಥವಾಗಿಲ್ಲ. ಹೊಸಬರು ಬಂದ ದಿನ ಅವರ ಹೆಸರು ಹಿಡಿದು ಮಾತನಾಡಿಸುವವರು ಆ ಸ್ಥಾನಕ್ಕೆ ಹೆಚ್ಚು ಯೋಗ್ಯರು, ಅವರ ಹೊಡೆತದ ಅಂಕಿ ಪಟ್ಟಿಯ ಕೊನೆಯಲ್ಲಿದ್ದರೂ ಚಿಂತೆಯಿಲ್ಲ.

ಸ್ಥಾಪಕರೇ ಹೋಗುವ ದಿನವೂ ಬರಬಹುದು. ಗಿಲ್ಡ್ ಮಾಸ್ಟರ್ 90 ದಿನ ಆಟಕ್ಕೆ ಬರದಿದ್ದರೆ ಸದಸ್ಯರಲ್ಲೊಬ್ಬರು ಆ ಸ್ಥಾನವನ್ನು ಕೇಳಿ ಪಡೆಯಲು ಆಟವೇ ದಾರಿ ಮಾಡಿಕೊಟ್ಟಿದೆ. ಆದರೆ ಮೂರು ತಿಂಗಳು ಆಹ್ವಾನ ಕಳಿಸುವವರೂ ದರ್ಜೆ ಬದಲಿಸುವವರೂ ಇಲ್ಲದೆ ಯಾವ ರೇಡ್ ಗಿಲ್ಡ್ ಉಳಿಯುತ್ತದೆ? ಬಿಡುವ ಯೋಚನೆ ಬಂದ ವಾರವೇ, ಇನ್ನೂ ನೀವು ಆಡುತ್ತಿರುವಾಗಲೇ, ಗಿಲ್ಡ್ ಅನ್ನು ಒಬ್ಬ ಆಫೀಸರ್‌ಗೆ ವಹಿಸಿಕೊಟ್ಟು ಸಾಮಾನ್ಯ ಸದಸ್ಯರಾಗಿ ಮುಂದಿನ ಎರಡು ರೇಡ್‌ಗಳಿಗೆ ಬನ್ನಿ. ಹೊಸ ಮಾಸ್ಟರ್ ಏನಾದರೂ ಕೇಳಿದರೆ ಮಾತ್ರ ಹೇಳಿ.